ಕೆಂಚಿಯ ಬೆನ್ನ ಸುಳಿ

ಚನ್ನಗಿರಿಯ ಸಭಾಭವನದ ಫೋಟೋ ಪ್ರದರ್ಶನದಲ್ಲಿ ಮುಖ್ಯ ಅತಿಥಿ ವಿರೂಪಾಕ್ಷಪ್ಪನವರು ಹನ್ನೆರಡನೇ ಚಿತ್ರದ ಮುಂದೆ ನಿಂತು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಎಂಥಾ ಬರ, ಎಂಥಾ ಬಿರುಕು. ಆ ಮೂಲೇಲಿ ನಾಲ್ಕು ಎಸಳು ಹುಲ್ಲು ಇನ್ನೂ ಜೀವ ಹಿಡ್ಕೊಂಡೈತೆ ನೋಡ್ರಿ. ಇದಕ್ಕೆ 'ದಾಹ' ಅಂತ ಹೆಸರು ಬರೆದು ಅಂಟಿಸ್ರಿ. ಬೆಂಗಳೂರಿನ ಪ್ರದರ್ಶನಕ್ಕೆ ಇದನ್ನೇ ಕಳಿಸಾಣ."

ಫೋಟೋಗ್ರಾಫರ್ ತಿಪ್ಪೇರುದ್ರ ಒಪ್ಪಿದಂತೆ ತಲೆಯಾಡಿಸಿಬಿಟ್ಟ; ಯಾರೋ ಚೀಟಿಯನ್ನೂ ಅಂಟಿಸಿದರು. ಎಲೆ, ತೊಗಟೆ, ಕಲ್ಲು ಅಂತ ಹತ್ತು ವರ್ಷ ಕ್ಯಾಮೆರಾ ಹೊತ್ತು ತಿರುಗಿದವನನ್ನು ಮದುವೆ ಮನೆಗಲ್ಲದೆ ಇನ್ನೆಲ್ಲಿಗೂ ಯಾರೂ ಕರೆದಿರಲಿಲ್ಲ. ಈಗ, ಅದು ಕೆರೆಯಂಗಳವಲ್ಲ, ನಲ್ಲೂರಿನ ಗಾದ್ರಮ್ಮನ ಎಮ್ಮೆಯ ಬೆನ್ನು ಎಂದು ಹೇಳಲು ಬಾಯಾದರೂ ಹೇಗೆ ಬಂದೀತು? ತುಂಬಿದ ಕೆರೆಯಲ್ಲಿ ಹೊರಳಾಡಿ ಎದ್ದು ಬಂದ ಎಮ್ಮೆಯ ಮೈಮೇಲೆ ಕೆಸರು ಒಣಗಿ ಬಿರುಕು ಬಿಟ್ಟಿತ್ತು. ಬಿಸಿಲೂ ಹದವಾಗಿತ್ತು. ಅವನು ಕ್ಲಿಕ್ಕಿಸಿದ್ದ. ಪಾಪ, ಸುಳ್ಳನ್ನಂತೂ ಹೇಳಿರಲಿಲ್ಲ, ಬಾಯಿ ಮುಚ್ಚಿಕೊಂಡಿದ್ದನಷ್ಟೆ.

ಅಷ್ಟರಲ್ಲಿ ಬಾಗಿಲಲ್ಲಿ ಹಾಲಿನ ಕ್ಯಾನು ಸದ್ದು ಮಾಡಿತು. ಬಾಯಿಮಾತಿಗೆ ಕರೆದಿದ್ದ ಗಾದ್ರಮ್ಮ ನಿಜವಾಗಿಯೂ ಬಂದುಬಿಟ್ಟಿದ್ದಳು. ಒಂದೊಂದೇ ಚಿತ್ರ ನೋಡುತ್ತ ಬಂದವಳು ಹನ್ನೆರಡನೆಯದರ ಮುಂದೆ ನಿಂತಳು. ದನ ಕೊಳ್ಳುವಾಗ ಮೊದಲು ಮೈಮೇಲಿನ ಕೂದಲ ಸುಳಿ ನೋಡುವ ಕಣ್ಣು ಅವಳದು.

"ರುದ್ರಪ್ಪಾ, ಇದು ನಮ್ಮ ಕೆಂಚಿ ಬೆನ್ನು ಅಲ್ವೇನೋ? ಮೂಲೇಲಿ ಸುಳಿ ಕಾಣ್ತೈತೆ" ಎಂದಳು, ಮೆಲ್ಲಗೆ.

"ಸುಮ್ನಿರಮ್ಮ, ನಿನ್ ದಮ್ಮಯ್ಯ."

"ನಿನ್ನ ಕ್ಯಾಮೆರಾಕ್ಕೆ ಬೆದರಿ ಎರಡು ದಿನ ಸರಿಯಾಗಿ ಹಾಲು ಕೊಡಲಿಲ್ಲ ಅದು. ಫೋಟೋ ಕೆಳಗೆ ಅದರ ಹೆಸರು ಹಾಕ್ತೀನಿ ಅಂತ ನೀನೇ ಅಂದಿದ್ದೆ. ಇಲ್ಲಿ ನೋಡಿದ್ರೆ ದಾಹ ಅಂತ ಐತೆ."

"ಆಮೇಲೆ ಹಾಕ್ತೀನಿ. ಈಗ ಮಾತ್ರ ಬಾಯಿ ಬಿಡಬ್ಯಾಡ."

ಗಾದ್ರಮ್ಮ ಬಾಯಿಗೆ ಸೆರಗಿಟ್ಟುಕೊಂಡು ಸುಮ್ಮನಾದಳು. ಹಾಗೆಯೇ ಸುಮ್ಮನೆ ಹೋಗುತ್ತಿದ್ದಳೋ ಏನೋ. ಆದರೆ ವಿರೂಪಾಕ್ಷಪ್ಪನವರ ಕೈಗೆ ಮೈಕು ಸಿಕ್ಕಿತ್ತು, ಕಣ್ಣಿಗೆ ಒಬ್ಬ ರೈತ ಮಹಿಳೆಯೂ ಸಿಕ್ಕಿದ್ದಳು.

"ನೀವೇ ಹೇಳ್ರಮ್ಮ, ಇದು ನೀರು ಕಂಡು ಎಷ್ಟು ವರ್ಷ ಆತು?" ಎಂದು ಮೈಕನ್ನು ಅವಳ ಮುಂದೆ ಹಿಡಿದರು.

ತಿಪ್ಪೇರುದ್ರ ಕಾಲಿಗೆ ಬೀಳುವುದೊಂದು ಬಾಕಿ. ಗಾದ್ರಮ್ಮ ಅವನನ್ನೊಮ್ಮೆ ನೋಡಿದಳು, 'ದಾಹ' ಎಂಬ ಚೀಟಿಯನ್ನೊಮ್ಮೆ ನೋಡಿದಳು.

"ಬೆಳಿಗ್ಗೆನೇ ಎರಡು ಬಕೆಟ್ ಕುಡಿದೈತೆ ಸಾರ್" ಎಂದಳು. "ಈಗ ಕೆರೇಲಿ ಮಲಗೈತೆ."