ಏಳನೇ ಕೋಣೆಯ ಪೆಟ್ಟಿಗೆ

'ಅನುಮತಿ ಇಲ್ಲ.'

ಪರದೆಯ ಮೇಲೆ ಅದೇ ಸಾಲು ಮತ್ತೆ ಬಿತ್ತು. ಸಂಪದಾ ಗಡಿಯಾರ ನೋಡಿದಳು. ಮಧ್ಯಾಹ್ನ ಹನ್ನೆರಡೂ ಹತ್ತು. ಐದು ನಿಮಿಷದಲ್ಲಿ ಇದು ಇಪ್ಪತ್ತನೆಯದು.

"ಬಂದ ನೋಡು ಕಳ್ಳ," ಎಂದಳು.

ಇಂಡಿ ರಸ್ತೆಯ ಆ ಕೋಲ್ಡ್ ಸ್ಟೋರೇಜಿನ ಆಫೀಸಿನಲ್ಲಿ ಅವಳೊಬ್ಬಳೇ ಇದ್ದಳು. ಅಂದು ಅಮಾವಾಸ್ಯೆ. ಯಂತ್ರಗಳಿಗೆ ಕಾಯಿ ಒಡೆದು, ಏಳೂ ಕೋಣೆಗಳ ಹೊಸ್ತಿಲಿಗೆ ನಿಂಬೆಹಣ್ಣು ಇಟ್ಟು ಹಮಾಲರೆಲ್ಲ ಆಗಲೇ ಮನೆಗೆ ಹೋಗಿದ್ದರು. ಕಂಪ್ರೆಸರುಗಳು ಮಾತ್ರ ಬೇರೇನೂ ಕೇಳದಂತೆ ಗುಡುಗುತ್ತಿದ್ದವು.

ಹಿಂದಿನ ತಿಂಗಳು ಯಾರೋ ಸರ್ವರಿನೊಳಗೆ ಕೈಹಾಕಿ ಚಳಿಯ ದಾಖಲೆ ತಿದ್ದಿದ್ದರು. ಮೂರನೇ ಕೋಣೆಯ ಒಣದ್ರಾಕ್ಷಿಗೆ ಬೂಷ್ಟು ಹಿಡಿದಿತ್ತು; ದಾಖಲೆಯಲ್ಲಿ ಎಲ್ಲ ಸರಿಯಾಗಿತ್ತು. ಮಾಲಕ ರಾವಸಾಬರು ಮುಖಕ್ಕೇ ಹೇಳಿದ್ದರು: "ಕಂಪ್ಯೂಟರ್ ನಿನ್ನ ಕೈಯಾಗ ಐತಿ. ಅಮಾಸಿಯೊಳಗ ಕಳ್ಳನ್ನ ಹಿಡಿ. ಇಲ್ಲಂದ್ರ ನೀನ ಕಳ್ಳಿ ಅಂತ ತಿಳಕೊಂಡು ಮನಿಗೆ ಕಳಸ್ತೇನಿ."

ಅದಕ್ಕೇ ಅವಳು ಈ ಕಟ್ಟು ಬಿಗಿದದ್ದು. ಸರ್ವರಿನಲ್ಲಿ ಹಗಲಿರುಳು ಓಡುವ ಕಾವಲು ಪ್ರೋಗ್ರಾಮು ಒಂದಿತ್ತು. ಕೋಣೆಗಳ ಚಳಿ, ಕರೆಂಟು, ಒಳಗಿದ್ದವರು ಒತ್ತುವ ಕರೆಗಂಟೆ, ಜನರೇಟರಿನ ಡೀಸೆಲ್ಲು, ಎಲ್ಲದರ ಮೇಲೂ ಅದರ ಕಣ್ಣು. ಎಲ್ಲವನ್ನೂ ಮುಟ್ಟಬಲ್ಲ ಆ ಕಾವಲುಗಾರನ ಹೆಗಲೇರಿಯೇ ಕಳ್ಳ ಒಳಗೆ ಬಂದಿದ್ದ. ಆದ್ದರಿಂದ ಈಗ ಅದಕ್ಕೊಂದು ಪಟ್ಟಿ. ಕೋಣೆಯ ತಂತಿಗಳು ಸೇರುವ ಪೆಟ್ಟಿಗೆಯ ಹೆಸರು ಪಟ್ಟಿಯಲ್ಲಿದ್ದರೆ ಅದರ ಮಾತು ಒಳಗೆ ಬರಬಹುದು, ಇಲ್ಲದಿದ್ದರೆ 'ಅನುಮತಿ ಇಲ್ಲ.' ಮಾಲಕರ ಪಾಸ್‌ವರ್ಡಿಗೂ ಅದು ಬಗ್ಗದು.

ಮೂರು ದಿನದ ಹಿಂದೆ ಮೋರಟಗಿಯ ಪರಪ್ಪ ಬಂದು ಮೇಜಿನ ಮುಂದೆ ನಿಂತಿದ್ದ. ಕೋಣೆಗಳ ವೈರಿಂಗೆಲ್ಲ ಅವನದೇ.

"ಬಾಯಾರ, ಏಳನೇ ಕೋಣ್ಯಾಗ ಪೆಟಗಿ ಕೂಡಿಸೇನ್ರಿ. ಪಟ್ಟಿಗೆ ಅದರ ಹೆಸರು ಸೇರಸ್ರಿ."

"ಅಮಾಸಿ ತೆಲಿಮ್ಯಾಲ ಐತಿ. ಹೊಸಾದಕ್ಕ ಕೈ ಹಚ್ಚಬ್ಯಾಡ ಅಂತ ಸಾವ್ಕಾರ್ರು ಹೇಳ್ಯಾರ. ಪಾಡ್ಯಕ್ಕ ನೋಡೂಣು."

"ಒಂದ ಸಾಲು ಅಲ್ರಿ?"

"ಕಳ್ಳಗ ಒಂದ ಸಾಲು ಸಾಕು."

ಪರಪ್ಪ ನಕ್ಕಿದ್ದ. "ನಿಮ್ಮ ಕಾವಲುಗಾರ ಭಾಳ ಶಿಸ್ತಿನವ ಬಿಡ್ರಿ. ಮನಿಗೆ ಬೆಂಕಿ ಬಿದ್ರೂ ಅರ್ಜಿ ಬರ್ಕೊಡು ಅಂತಾನ."

ಆ ನಗು ಅವಳ ಮನಸ್ಸಿನಲ್ಲಿ ಮುಳ್ಳಿನಂತೆ ಮುರಿದು ಕೂತಿತ್ತು. ಈಗ ಬೀಳುತ್ತಿದ್ದ ಒಂದೊಂದು ಸಾಲೂ ಅದೇ ಏಳನೇ ಪೆಟ್ಟಿಗೆಯದು. ತಂತಿಯ ತುದಿಯಲ್ಲಿ ಎಲ್ಲೋ ಕೂತು ಅವನು ಒಳಗೆ ನುಸುಳಲು ನೋಡುತ್ತಿದ್ದಾನೆ.

ಗೇಟಿನ ಕಾವಲುಗಾರ ಮೀರಾಸಾಬ ಬೀಗದ ಕೈಗಳ ಗೊಂಚಲು ತಂದು ಮೊಳೆಗೆ ಹಾಕಿದ.

"ಏಳೂ ಕೋಣಿಗೆ ಕೀಲಿ ಹಾಕೇನ್ರಿ ಬಾಯಾರ. ಏಳನೇದು ತುಸು ತೆರದಿತ್ತು, ದೂಡಿ ಹಾಕಿದೆ."

"ಪರಪ್ಪ ಎಲ್ಲಿ?"

"ಪೂಜಾ ಆದಮ್ಯಾಲ ಕಾಣವಲ್ಲ. ಚಪ್ಪಲಿ ಇಲ್ಲೇ ಅದಾವು. ಫೋನೂ ನಿಮ್ಮ ಕಿಡಕ್ಯಾಗ ಚಾರ್ಜಿಗೆ ಹಚ್ಚ್ಯಾನ."

ಸಂಪದಾ ಕಿಟಕಿಯತ್ತ ನೋಡಿ ನಕ್ಕಳು. ಎಲ್ಲಿದ್ದಾನೆಂದು ಗೊತ್ತಾಗಬಾರದೆಂದೇ ಫೋನು ಬಿಟ್ಟಿದ್ದಾನೆ. "ಹಂಗಾರ ಬರಿಗಾಲಿನ್ಯಾಗ ಓಡ್ಯಾನ."

ರಾವಸಾಬರು ಸಿಂದಗಿಯಲ್ಲಿದ್ದರು. ಸಂಪದಾ ಖುಷಿಯಿಂದ ಫೋನು ಹಚ್ಚಿದಳು.

"ಸಿಕ್ಕ್ಯಾನ್ರಿ ಸಾವ್ಕಾರ್ರ. ಒಂದೇ ಸವನ ಬಡ್ಯಾಕತ್ತಾನ."

"ಬಡೀಲಿ. ಎಷ್ಟ ಬಡಕೊಂಡ್ರೂ ತೆಗೀಬ್ಯಾಡ. ಎಲ್ಲಾ ಬರದಿಟ್ಕೋ."

ಬರೆಯುವ ಕೆಲಸವನ್ನು ಸರ್ವರೇ ಮಾಡುತ್ತಿತ್ತು. ಅವಳು ಚಹಾ ಕುಡಿಯುತ್ತ ಕೂತಳು. ಮೊದಮೊದಲು ಸಾಲುಗಳು ಒಂದರ ಮೇಲೊಂದು ಬಿದ್ದವು. ಒಂದು ಗಂಟೆಗೆ ಕ್ರಮ ಬಂತು: ಮೂರು ಸಲ, ಬಿಡುವು, ಮತ್ತೆ ಮೂರು ಸಲ. ಶಾಣ್ಯಾ ಇದ್ದಾನೆ, ಎಂದುಕೊಂಡಳು. ಎರಡೂವರೆಗೆ ಬಿಡುವು ಉದ್ದವಾಯಿತು. ಮೂರಕ್ಕೆ, ಹತ್ತು ನಿಮಿಷಕ್ಕೊಂದು. ಮೂರೂ ನಲವತ್ತರ ನಂತರ ಬೀಳಲೇ ಇಲ್ಲ.

"ಸೋತ," ಎಂದಳು. ಒಟ್ಟು ಇನ್ನೂರಾ ಹದಿಮೂರು. ಎಲ್ಲವನ್ನೂ ಕಾಗದಕ್ಕಿಳಿಸಿ, ಪಿನ್ನು ಚುಚ್ಚಿ, ಐದರ ಬಸ್ಸಿಗೆ ಮನೆಗೆ ಹೋದಳು.

ಮರುದಿನ ಬೆಳಿಗ್ಗೆ ಗೇಟಿನಲ್ಲಿ ಪರಪ್ಪನ ಹೆಂಡತಿ ರುಕ್ಮವ್ವ ಸಂಪದಾಳ ದಾರಿ ಕಾಯುತ್ತ ನಿಂತಿದ್ದಳು.

"ಯವ್ವಾ, ನಮ್ಮನಿಯವ್ರು ನಿನ್ನೆ ಮನಿಗೆ ಬಂದಿಲ್ರಿ. ಹೊಸಾ ಕೋಣ್ಯಾಗ ತುಸು ಕೆಲಸ ಐತಿ, ಮುಗಿಸ್ಕೊಂಡು ಮಧ್ಯಾಹ್ನ ಹೋಳಿಗಿ ಊಟಕ್ಕ ಬರ್ತೇನಿ ಅಂದಿದ್ರು."

"ಮಾಡಬಾರದ್ದು ಮಾಡಿದವ್ರು ಮನಿಗೆ ಬರೂದಿಲ್ಲವಾ."

ರುಕ್ಮವ್ವ ಗೋಡೆಯ ಬುಡದಲ್ಲಿದ್ದ ಗಂಡನ ಚಪ್ಪಲಿಗಳ ಧೂಳು ಕೊಡವಿ ಜೋಡಿಸಿಟ್ಟಳು.

ಒಂಬತ್ತಕ್ಕೆ ರಾವಸಾಬರ ಜೀಪು ಬಂತು. ಕಾಗದಗಳನ್ನು ಒಂದೊಂದಾಗಿ ತಿರುವಿ ಹಾಕಿದರು.

"ಇನ್ನೂರಾ ಹದಿಮೂರು ಸಲ! ಒಂದ ಸಲಾನೂ ಬಿಟ್ಟಿಲ್ಲಲಾ?"

"ಒಂದ ಸಲಾನೂ ಬಿಟ್ಟಿಲ್ರಿ."

"ಶಾಬಾಸ್! ನಿನ್ನ ನೌಕರಿಗೆ ಇನ್ನ ಯಾರೂ ಕೈ ಹಚ್ಚೂದಿಲ್ಲ. ಮೀರಾಸಾಬ, ಕೀಲಿ ತಗೊಂಡು ಬಾ. ಪೊಲೀಸರು ಬರೂದ್ರಾಗ ಆ ಪೆಟಗಿ ಕಿತ್ತ ಮೇಜಿನ ಮ್ಯಾಲ ಇಡೂಣು."

ಏಳನೇ ಕೋಣೆ ಹೊಸದು. ದಾಳಿಂಬೆ ಕಾಳು ಹೆಪ್ಪುಗಟ್ಟಿಸಲೆಂದು ಕಟ್ಟಿಸಿದ್ದು. ಒಳಗೆ ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗೆ. ಮೀರಾಸಾಬ ಬೀಗ ತೆಗೆದು, ಗೇಣು ದಪ್ಪದ ಬಾಗಿಲನ್ನು ಎರಡೂ ಕೈಯಿಂದ ಜಗ್ಗಿದ. ಬಿಳಿ ಹಬೆ ಕಾಲಿಗೆ ಬಂದು ಬಡಿಯಿತು. ಸಂಪದಾ ಮುಂದೆ ನಡೆದಳು, ಪೆಟ್ಟಿಗೆ ತೋರಿಸಲು.

ಗೋಡೆಯ ಪೆಟ್ಟಿಗೆಯ ನಡುವೆ ಕರೆಗಂಟೆಯ ಕೆಂಪು ಗುಂಡಿಯೊಂದಿತ್ತು. ಬರಿಗಾಲಲ್ಲಿ ಮಂಡಿಯೂರಿ ಕೂತಿದ್ದ ಪರಪ್ಪನ ಹೆಬ್ಬೆರಳು ಇನ್ನೂ ಅದಕ್ಕೆ ಅಂಟಿಕೊಂಡಿತ್ತು.