ಕೊನೆಯ ಎರಡು ಪುಟ

ಮಾಗಡಿ ಬಸ್ಸಿನಲ್ಲಿ ಯಾರಾದರೂ ಹಿಪ್ಪುನೇರಳೆ ಸೊಪ್ಪಿನ ಮೂಟೆ ತಂದಿಟ್ಟರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ನಾನು ಚಿಕ್ಕವಳಿದ್ದಾಗ ಒಂದು ಮಧ್ಯಾಹ್ನ ನಮ್ಮ ಮನೆಯ ರೇಷ್ಮೆಹುಳುಗಳು ಜ್ವರಕ್ಕೆ ಕೂತಿದ್ದವು. ಪೊರೆ ಕಳಚುವ ಮುಂಚೆ ಅವು ತಲೆಯೆತ್ತಿ ಅಲ್ಲಾಡದೆ ಕೂರುವುದನ್ನು ನಮ್ಮ ಕಡೆ ಹಾಗೆನ್ನುತ್ತಾರೆ. ಆಗ ಸೊಪ್ಪು ಹಾಕಬಾರದು ಅಂತ ನನಗೂ ಗೊತ್ತಿತ್ತು. ಆದರೆ ನಾನು ಓದುತ್ತಿದ್ದ ಯುದ್ಧದ ಕಥೆಯಲ್ಲಿ ನನ್ನಷ್ಟೇ ವಯಸ್ಸಿನ ಹುಡುಗಿ, ದೊಡ್ಡವರು ಬೇಡವೆಂದರೂ, ಶತ್ರುಗಳು ಸುತ್ತುವರಿದ ಊರೊಳಗೆ ತೆವಳಿಕೊಂಡು ಹೋಗಿ ಹಸಿದವರಿಗೆ ರೊಟ್ಟಿ ಕೊಟ್ಟಿದ್ದಳು. ಅವಳು ವಾಪಸ್ ಬರುವುದಕ್ಕೆ ಇನ್ನೆರಡೇ ಪುಟ ಬಾಕಿಯಿತ್ತು. ನಾನು ಪುಸ್ತಕ ಮಗುಚಿಟ್ಟು, ಸೊಪ್ಪಿನ ಬುಟ್ಟಿ ಎಳೆದುಕೊಂಡು ಹುಳುಮನೆಯೊಳಕ್ಕೆ ತೆವಳಿದೆ.

ಅಜ್ಜಿ ನೋಡಿ ಅಪ್ಪನನ್ನು ಕೂಗಿದಳು. "ಸೊಪ್ಪಾಕ್ಬುಟ್ಟವ್ಳೆ ನೋಡ್ಲಾ. ಎದ್ದಿರೋವು ತಿಂತವೆ, ಕೂತಿರೋವು ಹಿಂದುಳಿತವೆ. ಇನ್ನು ಎಲ್ಲಾ ಒಟ್ಟಿಗೆ ಗೂಡು ಕಟ್ಟಕಿಲ್ಲ."

ಅಪ್ಪ ಹೊಡೆಯಲಿಲ್ಲ. "ಯಾರವ್ವ ಹೇಳ್ಕೊಟ್ಟಿದ್ದು?" ಅಂದ. ನಾನು ಪುಸ್ತಕ ತೋರಿಸಿದೆ. ಅದನ್ನು ಒಸಿ ಹೊತ್ತು ತಿರುವಿ ಹಾಕಿ, "ಇದ್ನ ಬರ್ದೋನು ಯಾವತ್ತಾದ್ರೂ ಹುಳ ಮೇಯ್ಸವ್ನಾ?" ಅಂದ.

ಮಾರನೆಯ ದಿನ ಹುಳು ಸಾಕುವ ತಟ್ಟೆಗೆ ಹಾಸಲು ಹಳೇ ಪೇಪರ್ ಸಾಲಲಿಲ್ಲ. ಅಪ್ಪ ನನ್ನ ಪುಸ್ತಕದ ಹಾಳೆಗಳನ್ನೇ ಹರಿದು ಹಾಸಿದ. ಕೊನೆಯ ಪುಟ ಕಂಡು ಬಗ್ಗಿ ಓದತೊಡಗಿದೆ. ಮೊದಲ ಸಾಲು ಮುಗಿಯುವಷ್ಟರಲ್ಲಿ ಅಜ್ಜಿ ಅದರ ಮೇಲೆ ಹುಳು ಬಿಟ್ಟು ಸೊಪ್ಪು ಹಾಕಿದಳು. ಜ್ವರದಿಂದೆದ್ದ ಹುಳುಗಳು ಬರಬರನೆ ಮೇಯತೊಡಗಿದವು. ತಿಂದು ಮುಗಿಸಲಿ, ಆಮೇಲೆ ಓದೋಣವೆಂದು ಅಲ್ಲೇ ಕಾದು ನಿಂತೆ.

ಮುಗಿಯುವ ಮೊದಲೇ ಅಜ್ಜಿ ಇನ್ನೊಂದು ಹಿಡಿ ಸೊಪ್ಪು ಹಾಕಿದಳು.