ಹುಣಸೆಹಣ್ಣು ತಿಕ್ಕಿದ ನಾಣ್ಯ

ದೀಪಾವಳಿಯ ಆ ಬೆಳಿಗ್ಗೆ ರಾಣೆಬೆನ್ನೂರಿನ ಮನೆಯ ಹಿತ್ತಲಲ್ಲಿ ಅಜ್ಜಿ ಹುಣಸೆಹಣ್ಣು ಹಚ್ಚಿ ದೇವರ ಸಾಮಾನು ತಿಕ್ಕುತ್ತಿದ್ದಳು. ನಾನು ನೀರು ಹಾಕುತ್ತಿದ್ದೆ. ಈಗಲೂ ಅಡುಗೆಮನೆಯಲ್ಲಿ ಹುಣಸೆಹಣ್ಣು ಕಿವುಚುವಾಗ ಆ ವಾಸನೆಗೆ ನನ್ನ ಕೈ ನಿಲ್ಲುತ್ತದೆ.

"ಲಕ್ಷ್ಮೀ ಪೂಜಾಕ್ಕ ಒಂದು ಬೆಳ್ಳಿ ರೂಪಾಯಿ ಬೇಕಿತ್ತವಾ" ಎಂದಳು ಅಜ್ಜಿ.

ನಮ್ಮ ಕಾಕಾ ನಾಣ್ಯ ಕೂಡಿಸುತ್ತಿದ್ದ. ಅದರಲ್ಲೊಂದು, ಸಂಗ್ರಹಕ್ಕೆಂದೇ ಕನ್ನಡಿಯಂತೆ ಟಂಕಿಸಿದ ಹಳೆಯ ಬೆಳ್ಳಿಯ ಪ್ರೂಫ್ ನಾಣ್ಯ. ವರ್ಷಗಳ ಗಾಳಿಗೆ ಅದರ ಅಂಚು ಪಾರಿವಾಳದ ಕೊರಳಿನಂತೆ ನೀಲಿ, ನೇರಳೆಯಾಗಿತ್ತು. ಕಪಾಟಿನಲ್ಲಿ ಅದನ್ನಿಟ್ಟ ಜಾಗವನ್ನು ಅವನು ತೋರಿಸಿದ್ದು ನನಗೊಬ್ಬಳಿಗೇ. "ಮುಟ್ಟಬ್ಯಾಡವಾ, ಈ ಬಣ್ಣ ಗಾಳಿ ಹಚ್ಚಿದ್ದು. ಹೋದ್ರ ತಿರುಗಿ ಬರೂದಿಲ್ಲ" ಅಂದಿದ್ದ.

ಜಾಣೆ ಅನ್ನಿಸಿಕೊಳ್ಳುವ ಆಸೆಗೆ ಅದನ್ನೇ ತಂದು ಅಜ್ಜಿಯ ಕೈಗಿಟ್ಟೆ.

ಸಂಜೆ ಅಂಗಡಿಯಿಂದ ಬಂದ ಕಾಕಾ ಕಳಶದ ಮುಂದಿಟ್ಟ ನಾಣ್ಯ ಕಂಡು ನಿಂತುಬಿಟ್ಟ. "ಅವ್ವಾ, ಇದನ್ನ ನೀ ತಿಕ್ಕಿದೇನು?"

"ಹೂನಪಾ. ಕರ್ರಗಿನ ಲಕ್ಷ್ಮೀನ ಪೂಜಾಕ್ಕ ಇಡಾಕ ಬರತೈತೇನು?"

ಕಾಕಾ ನನ್ನತ್ತ ನೋಡಿದ. ನಾನು ತಟ್ಟೆಯಲ್ಲಿದ್ದ ಅಕ್ಷತೆಯನ್ನು ಸುಮ್ಮನೆ ಸರಿಪಡಿಸುತ್ತಿದ್ದೆ. ಅವನು ಕೈಮುಗಿದ.

ಅರಿಶಿನ-ಕುಂಕುಮಕ್ಕೆ ಬಂದ ಪಕ್ಕದ ಮನೆಯ ಶಾಂತಕ್ಕ ನಾಣ್ಯವನ್ನು ಬಗ್ಗಿ ನೋಡಿದಳು. "ಅಯ್ಯ, ಎಷ್ಟು ಚಂದ ಹೊಳಿಯಾಕತ್ತೈತ್ರಿ! ಹೊಸಾದು ತಂದ್ರೇನು?"